ಮಿಠಾಯಿಯ ಕುಲಾವಿ

ನಮ್ಮ ಮನೇಲಿ ತಮ್ಮನಿಗೆ ಮೂಗಿನ ತುದೀಲಿ ಕಸುಬು, ನನಗೆ ಮೂಗಿನ ತುದೀಲಿ ಕೋಪ ಅಂತ ಅಮ್ಮ ಹೇಳ್ತಿದ್ದಳು. ಸುಳ್ಳೇನಲ್ಲ. ನಾವು ಮಿಠಾಯಿ ಮಾಡೋ ಜನ. ಕೆಳಗೆ ಕೆಲಸದ ಕೋಣೆ, ಮೇಲೆ ಮನೆ. ಕೋಣೆ ಅಂದ್ರೆ ಭಾರಿ ಏನಲ್ಲ. ಒಲೆ, ತಾಮ್ರದ ಹಂಡೆ, ಕಾದ ಪಾಕ ಸುರಿಯೋಕೆ ನುಣ್ಣಗಿನ ಕಲ್ಲಿನ ಹಾಸು, ಅದನ್ನ ಎಳೆಯೋಕೆ ಗೋಡೆಗೆ ಹೊಡೆದ ಕಬ್ಬಿಣದ ಕೊಕ್ಕೆ, ತುಂಡು ಮಾಡೋಕೆ ಕತ್ತರಿ. ಕೊನೆಗೆ ಕಿಟಕಿ ಪಕ್ಕದ ಮೇಜಲ್ಲಿ ನಾನು. ಒಂದೊಂದೇ ತುಂಡಿಗೆ ಬಣ್ಣದ ಕಾಗದ ಸುತ್ತಿ ಎರಡೂ ತುದಿ ತಿರುಚೋಳು. ಕೈಗೆ ಕೆಲಸ, ಬಾಯಿಗೆ ರಜೆ. ಅದಕ್ಕೇ ನನ್ನ ನಾಲಗೆ ಇಷ್ಟುದ್ದ ಆಗಿದ್ದು.

ಪಾಕ ಕಾಯಿಸೋನು ತಮ್ಮ. ಸಕ್ಕರೆ ಕರಗಿ, ಹೊಂಬಣ್ಣಕ್ಕೆ ತಿರುಗಿ, ಇನ್ನೇನು ಕಂದಾಗಬೇಕು ಅನ್ನೋವಾಗ ಒಂದು ವಾಸನೆ ಏಳುತ್ತೆ. ಅದಕ್ಕಿಂತ ಮೊದಲು ಇಳಿಸಿದ್ರೆ ಸಪ್ಪೆ, ಆಮೇಲೆ ಇಳಿಸಿದ್ರೆ ಕಹಿ. ಬೇರೆಯವರು ಶಾಖ ಅಳೆಯೋ ಕಡ್ಡಿ ಇಟ್ಕೊಂಡಿರ್ತಾರೆ. ಇವನು ಹಂಡೆಗೆ ಬೆನ್ನು ತಿರುಗಿಸಿ ಬಾಗಿಲಲ್ಲಿ ಯಾರ ಜೊತೆನೋ ಹರಟೆ ಹೊಡೀತಿರ್ತಿದ್ದ. ಇದ್ದಕ್ಕಿದ್ದ ಹಾಗೆ ಮಾತನ್ನ ಅರ್ಧಕ್ಕೇ ಬಿಟ್ಟು ಓಡಿಬಂದು ಹಂಡೆ ಇಳಿಸ್ತಿದ್ದ. ತಪ್ಪಿದ್ದೇ ಇಲ್ಲ. "ನಿನ್ನ ಮೂಗನ್ನ ಕೊಯ್ದು ಒಲೆ ಮೇಲೆ ತೂಗುಹಾಕಿದ್ರೆ ಸಾಕು ಕಣೋ, ನಿನಗೆ ಊಟ ಹಾಕೋ ಖರ್ಚು ಉಳಿಯುತ್ತೆ" ಅಂತ ನಾನು ಛೇಡಿಸ್ತಿದ್ದೆ. ಅವನ ಹೆಂಡತಿ ಕೊಕ್ಕೆ ಹತ್ರ ನಿಂತು ನಗ್ತಿದ್ದಳು. ಪಾಕ ಎಳೆಯೋಳು ಅವಳು. ತೋಳು ಗಟ್ಟಿ, ಮಾತು ಕಮ್ಮಿ. ಮದುವೆಯಾಗಿ ಬಂದಾಗಿಂದ ನನ್ನನ್ನ ಅಕ್ಕ ಅಂತಾನೇ ಕರೆದಳು. ಬೈದ್ರೂ ಅಕ್ಕ, ಮುದ್ದು ಮಾಡಿದ್ರೂ ಅಕ್ಕ.

ತುಂಬ ವರ್ಷ ಕಾದಮೇಲೆ ಅವರಿಗೊಂದು ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದ ಮಾರನೇ ದಿನ ಅಮ್ಮ ಬಟ್ಟೆ ಬದಲಾಯಿಸ್ತಾ, "ಅಯ್ಯೋ, ಇವಳ ಉಚ್ಚೇಲೂ ಪಾಕದ ವಾಸನೆ ಬರುತ್ತಲ್ರೋ!" ಅಂತ ಕೂಗಿದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ತಮ್ಮ ಮಗುವಿನ ಕಿವಿ ಹತ್ರ ಮೂಗಿಟ್ಟು ಕಣ್ಣು ಮುಚ್ಚಿದ. "ಇಳಿಸೋ ಹೊತ್ತಿನ ಪಾಕ ಅಕ್ಕ, ಸರಿಯಾಗಿ ಇಳಿಸೋ ಹೊತ್ತು. ನನ್ನ ಮಗಳು ಕಸುಬು ಹೊತ್ಕೊಂಡೇ ಬಂದಿದ್ದಾಳೆ" ಅಂದ. ಅವತ್ತೇ ಅಮ್ಮ ಅವಳನ್ನ ಮಿಠಾಯಿ ಅಂತ ಕರೆದಳು. ಬೇರೆ ಹೆಸರು ಹುಡುಕೋಕೆ ನಮಗೆ ಪುರುಸೊತ್ತು ಸಿಗಲಿಲ್ಲ.

ಬೇರೆ ಯಾರ ಮನೇಲಾದ್ರೂ ಆಗಿದ್ರೆ ಆ ವಾಸನೆಗೆ ಜನ ಬೆಚ್ಚಿಬೀಳ್ತಿದ್ರು. ನಮ್ಮ ಮನೇಲಿ ದಿಂಬು ಮೂಸಿದ್ರೂ ಅದೇ, ಪರದೆ ಮೂಸಿದ್ರೂ ಅದೇ, ನನ್ನ ತಲೆಗೂದಲಲ್ಲೂ ಅದೇ. ಇರುವೆಗಳು ನಮ್ಮ ಚಪ್ಪಲಿಗೂ ಸಾಲು ಕಟ್ಟಿ ಬರ್ತಿದ್ವು. ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಹಾಗಾಯ್ತು ನಮ್ಮ ಬಾಳು.

ಎರಡು ದಿನ ಕಳೀತಿದ್ದ ಹಾಗೆ ಮಗು ಮೊಲೆ ಹಿಡಿಯೋದು ಬಿಟ್ಟಿತು. ಬರೀ ನಿದ್ದೆ. "ಅಪ್ಪನ ಹಾಗೇ ನಿದ್ದೆಬುರುಕಿ" ಅಂದಳು ಅಮ್ಮ. ಆಮೇಲೆ ಅಳು ಬದಲಾಯ್ತು. ಸಣ್ಣಗೆ, ಕೀರಲು ದನಿ. ಬೆನ್ನು ಬಿಲ್ಲಿನ ಹಾಗೆ ಬಾಗೋಕೆ ಶುರುವಾಯ್ತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು.

ಅಲ್ಲಿನ ಡಾಕ್ಟರಮ್ಮ ವಯಸ್ಸಾದವರು, ಕನ್ನಡಕ ಹಣೆ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕೋರು. ಮಗುವನ್ನ ಮುಟ್ಟಿ ನೋಡಿ, ಸೋಂಕು ಇರಬಹುದು ಅಂತ ಔಷಧಿ ಶುರು ಮಾಡಿ, ಆಮೇಲೆ ಒಂದೊಂದೇ ಪ್ರಶ್ನೆ ಕೇಳಿದ್ರು. ಹೇಗೆ ಹುಟ್ಟಿತು, ಎಷ್ಟು ಹಾಲು ಕುಡೀತು, ಜ್ವರ ಬಂತಾ. ಕೊನೆಗೆ, "ಮೂತ್ರದಲ್ಲಿ ಏನಾದ್ರೂ ವಿಚಿತ್ರ ವಾಸನೆ?" ಅಂತ ಕೇಳಿದ್ರು. ತಮ್ಮ ಎದೆಯುಬ್ಬಿಸಿ ಹೇಳಿದ: "ಇಲ್ಲ ಡಾಕ್ಟ್ರೇ. ನಾನು ಮೂಗಿನಿಂದ ಅನ್ನ ತಿನ್ನೋನು. ವಿಚಿತ್ರ ವಾಸನೆ ಇದ್ದಿದ್ರೆ ಮೊದಲು ನನಗೇ ಗೊತ್ತಾಗ್ತಿತ್ತು."

ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಅದು ವಿಚಿತ್ರ ಆಗಿರಲಿಲ್ಲ. ಡಾಕ್ಟರಮ್ಮಾನೂ ಮಗುವಿನ ಹತ್ರ ಬಗ್ಗಿದಾಗ ಮೂಗು ಅರಳಿಸಿದ್ರು. "ನಾವು ಮಿಠಾಯಿ ಕೆಲಸದವರಮ್ಮ, ನಮ್ಮ ಬಟ್ಟೇದು" ಅಂತ ನನ್ನಮ್ಮ ನಾಚಿಕೆಯಿಂದ ಸೆರಗು ಸರಿಮಾಡಿಕೊಂಡಳು. ಅವರು ನಂಬಿದ್ರು. ಅಷ್ಟು ಜನ ಒಂದೇ ಬಾಯಲ್ಲಿ ಹೇಳಿದ್ರೆ ಯಾರು ತಾನೆ ನಂಬಲ್ಲ?

ಮಾರನೇ ದಿನ ನಮ್ಮನ್ನೆಲ್ಲ ಹೊರಗೆ ಕಳಿಸಿ, ಆಸ್ಪತ್ರೆಯದೇ ಬಟ್ಟೆ ಹಾಕಿ ಮಗುವನ್ನ ಗಾಜಿನ ಕೋಣೇಲಿ ಮಲಗಿಸಿದ್ರು. ಪಾಳಿ ಬದಲಾಗಿ ಬಂದ ನರ್ಸು ಒಳಗೆ ಕಾಲಿಟ್ಟವಳೇ, "ಇಲ್ಲಿ ಸಕ್ಕರೆ ಸುಟ್ಟೋರು ಯಾರು?" ಅಂದಳಂತೆ. ಆ ಕೋಣೇಲಿ ನಾವ್ಯಾರೂ ಇರಲಿಲ್ಲ. ನಮ್ಮ ಬಟ್ಟೆ ಇರಲಿಲ್ಲ. ಮಗು ಮಾತ್ರ ಇತ್ತು. ಡಾಕ್ಟರಮ್ಮ ಓಡಿಬಂದ್ರು, ಹಾಲು ನಿಲ್ಲಿಸಿದ್ರು, ರಕ್ತ ತೊಳೆಯೋ ಯಂತ್ರ ಹಚ್ಚಿದ್ರು. ಅಷ್ಟರಲ್ಲಿ ಮಿದುಳು ಊದಿಕೊಂಡಾಗಿತ್ತು. ನಮ್ಮ ಮಿಠಾಯಿ ಹೋಗಿಬಿಟ್ಟಳು.

ತಮ್ಮ ಅಳಲಿಲ್ಲ. ಮಣ್ಣು ಮುಚ್ಚುವಾಗಲೂ ಅಳಲಿಲ್ಲ. ಗೋಡೆ ಹಾಗೆ ನಿಂತಿದ್ದ. ನನಗೇ ಸಿಟ್ಟು ಬಂದು, "ಅತ್ತುಬಿಡೋ ಪಾಪಿ, ಎದೆ ಒಡೆದುಹೋಗುತ್ತೆ" ಅಂತ ಬೆನ್ನಿಗೆ ಗುದ್ದಿದೆ. ಅವನು ನನ್ನ ಕೈ ಹಿಡಿದು ಕೆಳಗಿಳಿಸಿದ, ಅಷ್ಟೇ.

ಸ್ವಲ್ಪ ದಿನ ಕಳೆದ ಮೇಲೆ ಡಾಕ್ಟರಮ್ಮ ನಮ್ಮನ್ನ ಕರೆಸಿದ್ರು. ಮುಂದೆ ಇನ್ನೊಂದು ಮಗು ಬೇಕು ಅಂದ್ರೆ ಇದನ್ನ ತಿಳ್ಕೊಂಡಿರಬೇಕು ಅಂದ್ರು. ನಾಲ್ಕೂ ಜನ ಹೋದೆವು. ನಾನು ಜಗಳಕ್ಕೆ ತಯಾರಾಗೇ ಹೋಗಿದ್ದೆ. ಆದ್ರೆ ಆ ಹೆಂಗಸು ಅತ್ತು ಕೆಂಪಾದ ಕಣ್ಣಲ್ಲಿ ಕೂತಿದ್ದನ್ನ ನೋಡಿ ನಾನೂ ಒಂದು ಕುರ್ಚಿ ಎಳ್ಕೊಂಡು ಕೂತೆ.

"ಹಾಲಿನಲ್ಲಿ ಪ್ರೋಟೀನ್ ಇರುತ್ತೆ" ಅಂತ ಶುರು ಮಾಡಿದ್ರು. "ಪ್ರೋಟೀನ್ ಅಂದ್ರೆ ಮಣಿಸರ ಅಂದ್ಕೊಳ್ಳಿ. ಒಂದೊಂದು ಮಣಿಗೂ ಅಮೈನೋ ಆಮ್ಲ ಅಂತ ಹೆಸರು. ಹೊಟ್ಟೆಗೆ ಹೋದ ಸರ ಬಿಚ್ಚಿಹೋಗುತ್ತೆ. ದೇಹ ಬೇಕಾದ ಮಣಿ ಆರಿಸ್ಕೊಂಡು ತನ್ನದೇ ಸರ ಪೋಣಿಸುತ್ತೆ. ಮಾಂಸ, ಕೂದಲು, ಉಗುರು, ಎಲ್ಲ ಹಾಗೇ ಆಗೋದು. ಮಿಕ್ಕಿದ್ದನ್ನ ಒಡೆದು ಉರಿಸಿ ಶಕ್ತಿ ಮಾಡ್ಕೊಳ್ಳುತ್ತೆ. ಅದರಲ್ಲಿ ಮೂರು ಮಣಿಗೆ ಕವಲಿರುತ್ತೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಅವನ್ನ ಒಡೆಯೋ ಕೆಲಸ ಅರ್ಧದವರೆಗೆ ಒಬ್ಬರದು, ಅಲ್ಲಿಂದ ಮುಂದೆ ಇನ್ನೊಬ್ಬರದು. ಈ ಕೆಲಸಗಾರರಿಗೆ ಕಿಣ್ವ ಅಂತೀವಿ. ನಿಮ್ಮ ಮಗುವಿನಲ್ಲಿ ಎರಡನೇ ಕೆಲಸಗಾರ ಕೈ ಆಡಿಸಲಿಲ್ಲ."

"ಯಾಕೆ? ಅವನಿಗೇನು ದಾಡಿ?" ಅಂದೆ ನಾನು.

ಅವರು ಬೇಜಾರು ಮಾಡ್ಕೊಳ್ಳಲಿಲ್ಲ. "ಕಿಣ್ವಾನೂ ಒಂದು ಮಣಿಸರಾನೇ. ಆದ್ರೆ ಅದು ಮಡಚಿ ಮಡಚಿ ಒಂದು ಆಕಾರಕ್ಕೆ ಬಂದಿರುತ್ತೆ. ಆ ಆಕಾರದಲ್ಲಿ ಒಂದು ಸಂದಿ. ಆ ಸಂದೀಲಿ ಹೋಗಿ ಕೂತ್ರೆ ಮಾತ್ರ ವಸ್ತು ತುಂಡಾಗೋದು. ಯಾವ ಮಣಿ ಆದಮೇಲೆ ಯಾವ ಮಣಿ ಬರಬೇಕು ಅಂತ ಜೀನ್‌ನಲ್ಲಿ ಬರೆದಿರುತ್ತೆ. ಅಷ್ಟು ಉದ್ದದ ಬರಹದಲ್ಲಿ ಒಂದೇ ಒಂದು ಅಕ್ಷರ ಬೇರೆಯಾಯ್ತು. ಒಂದು ಮಣಿ ಬದಲಾಯ್ತು. ಸರ ಸರಿಯಾಗಿ ಮಡಚಿಕೊಳ್ಳಲಿಲ್ಲ, ಸಂದಿ ಕೆಟ್ಟುಹೋಯ್ತು."

"ಅಂದ್ರೆ ಕತ್ತರಿ ಮೊಂಡಾಯ್ತು, ಇತ್ಲಾಗೆ ಪಾಕ ಸುರಿಯೋರು ಸುರೀತಾನೇ ಇದ್ರು" ಅಂದೆ.

"ಅಷ್ಟೇ ಅಮ್ಮ. ಹಾಸು ತುಂಬಿ ನೆಲಕ್ಕೆ ಹರೀತು. ಮಿಕ್ಕ ಸರಕು ರಕ್ತದಲ್ಲಿ ತುಂಬಿ ಮಿದುಳಿಗೆ ಹೋಯ್ತು. ಆ ಅರ್ಧ ಒಡೆದ ಸರಕು ಉಳಿದಿರುತ್ತಲ್ಲ, ಅದರ ಜೊತೆ ಹುಟ್ಟೋ ಒಂದು ಸಣ್ಣ ಕಣ ಮೂತ್ರದಲ್ಲಿ, ಬೆವರಲ್ಲಿ, ಕಿವಿಯ ಗುಗ್ಗೇಲಿ ಬರುತ್ತೆ. ಸುಟ್ಟ ಸಕ್ಕರೆ ವಾಸನೆ ಅದರದೇ. ನಿಮ್ಮ ಹಂಡೇಲಿ ಪಾಕ ಕಂದಾಗೋವಾಗಲೂ ಅದೇ ಕಣ ಹುಟ್ಟುತ್ತೆ."

ಅಲ್ಲಿಯವರೆಗೆ ನೆಲ ನೋಡ್ತಿದ್ದ ತಮ್ಮ ತಲೆ ಎತ್ತಿದ. "ಅಂದ್ರೆ ನನ್ನ ಮೂಗು ತಪ್ಪು ಹೇಳಲಿಲ್ಲ."

"ಇಲ್ಲಪ್ಪ. ಮೂಗು ಸರಿಯಾಗೇ ಹೇಳಿದೆ."

"ನಾನು ತಪ್ಪು ಹೇಳಿದೆ" ಅಂದ. ಡಾಕ್ಟರಮ್ಮ ಏನೋ ಸಮಾಧಾನ ಹೇಳೋಕೆ ಹೋದ್ರು. ಒಂದು ದಿನ ಮೊದಲು ಗೊತ್ತಾಗಿದ್ರೂ ಏನಾಗ್ತಿತ್ತೋ ಹೇಳೋಕಾಗಲ್ಲ, ಕೇಳಿ ಸುಮ್ಮನಾದ ತಪ್ಪು ನಂದೂ ಇದೆ ಅಂದ್ರು. ಅವನ ಕಿವಿಗೆ ಅದು ಹೋಗಲಿಲ್ಲ.

ಇನ್ನು ನನ್ನಮ್ಮ. "ನಮ್ಮ ವಂಶದಲ್ಲಿ ಇಂಥದ್ದು ಕೇಳಿದ್ದೇ ಇಲ್ಲ" ಅಂತ ಸೊಸೆ ಕಡೆ ಓರೆಗಣ್ಣು ಬಿಟ್ಟಳು. ಡಾಕ್ಟರಮ್ಮ ತಕ್ಷಣ, "ಅಮ್ಮಾ, ಪ್ರತಿಯೊಬ್ಬರಲ್ಲೂ ಆ ಬರಹದ ಎರಡು ಪ್ರತಿ ಇರುತ್ತೆ. ಒಂದು ಕೆಟ್ಟಿದ್ರೆ ಇನ್ನೊಂದು ಕೆಲಸ ನಡೆಸುತ್ತೆ, ಮನುಷ್ಯನಿಗೆ ಗೊತ್ತೇ ಆಗಲ್ಲ. ನಿಮ್ಮ ಮಗನಲ್ಲಿ ಒಂದು ಕೆಟ್ಟಿದೆ, ನಿಮ್ಮ ಸೊಸೇಲಿ ಒಂದು ಕೆಟ್ಟಿದೆ. ಮಗುವಿಗೆ ಎರಡೂ ಕೆಟ್ಟದ್ದೇ ಸಿಕ್ತು. ಒಂದು ಕೈಲಿ ಚಪ್ಪಾಳೆ ಆಗಲ್ಲ" ಅಂದ್ರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮುಂದಿನ ಮಗುವಿಗೂ ಬರಬಹುದಾ ಅಂತ ನಾನು ಕೇಳಿದೆ. ನಾಲ್ಕರಲ್ಲಿ ಒಂದು ಸಾಧ್ಯತೆ ಅಂದ್ರು. "ಆ ಒಂದು ಆಗಿಹೋಯ್ತಲ್ಲ, ಇನ್ನು ಮೂರು ಒಳ್ಳೇದೇ ತಾನೆ?" ಅಂತ ಅಮ್ಮ ಆಸೆಯಿಂದ ಕೇಳಿದಳು. ಹಾಗಲ್ಲವಂತೆ. ಪ್ರತಿ ಸಲವೂ ಮೊದಲಿಂದ ಅಂತೆ.

ತಮ್ಮನ ಹೆಂಡತಿ ಎದ್ದು ಹೊರಡೋವಾಗ ಕೇಳಿದಳು: "ಹಾಲು ಕೊಟ್ಟೋಳು ನಾನೇ ಅಲ್ವಾ?"

ಡಾಕ್ಟರಮ್ಮ ಎದ್ದು ಬಂದು ಅವಳ ಎರಡೂ ಕೈ ಹಿಡ್ಕೊಂಡ್ರು. "ಹಾಲಿನ ತಪ್ಪಲ್ಲಮ್ಮ. ನಿನ್ನ ತಪ್ಪೂ ಅಲ್ಲ" ಅಂದ್ರು. ಅವಳು ತಲೆ ಆಡಿಸಿದಳು. ಬಾಗಿಲ ಹತ್ರ ನಿಂತು ಇನ್ನೊಂದು ಕೇಳಿದಳು. "ಆ ವಾಸನೆ ಬಟ್ಟೇಲಿ ಉಳಿಯುತ್ತಾ?"

"ಸ್ವಲ್ಪ ಕಾಲ ಉಳಿಯುತ್ತೆ. ಬಿಗಿಯಾಗಿ ಮುಚ್ಚಿಟ್ರೆ ಇನ್ನೂ ಸ್ವಲ್ಪ. ವಾಸನೆ ಅಂದ್ರೆ ವಸ್ತುವೇ ಅಲ್ವಾ, ಬಟ್ಟೆಯಿಂದ ಎದ್ದು ಬಂದು ಮೂಗಿಗೆ ತಾಗಿದ್ರೇನೇ ನಮಗೆ ಗೊತ್ತಾಗೋದು. ಬಂದಷ್ಟು ಬಟ್ಟೇಲಿ ಕಮ್ಮಿ ಆಗ್ತಾ ಹೋಗುತ್ತೆ" ಅಂದ್ರು ಡಾಕ್ಟರಮ್ಮ. ಯಾಕೆ ಕೇಳಿದಳು ಅಂತ ಅವರಿಗೆ ಹೊಳೀಲಿಲ್ಲ. ನನಗೂ ಅವತ್ತು ಹೊಳೀಲಿಲ್ಲ.

ಮನೆಗೆ ಬಂದಮೇಲೆ ತೋರಿಸಿದಳು. ನಾವು ಮಿಠಾಯಿ ತುಂಬಿಸಿ ಮಾರೋ ತಗಡಿನ ಡಬ್ಬಿ, ಮುಚ್ಚಳ ಬಿಗಿಯಾಗಿ ಕೂರೋದು. ಒಳಗೆ ಮಗುವಿನ ಕುಲಾವಿ, ಒಗೆಯದೇ ಇಟ್ಟದ್ದು, ಹಳದಿ ನೂಲಿಂದು. "ದಿನಾ ತೆಗೆದು ಮೂಸ್ತಿದ್ದೆ ಅಕ್ಕ. ಇಷ್ಟು ದಿನ ಖರ್ಚು ಮಾಡಿಬಿಟ್ಟೆ" ಅಂದಳು. ಮುಚ್ಚಳದ ಸುತ್ತ ಟೇಪು ಸುತ್ತಿ ಅಂತ ನನ್ನ ಕೈಗೆ ಕೊಟ್ಟಳು. ಸುತ್ತಿದೆ. ಆಮೇಲೆ ಅವಳು ಅದನ್ನ ತೆಗೆಯಲಿಲ್ಲ. ಬಟ್ಟೆಗಳ ನಡುವೆ ಇಟ್ಟು, ಹೋಗ್ತಾ ಬರ್ತಾ ಕೈ ಆಡಿಸ್ತಿದ್ದಳು.

ಕಾಲ ಉರುಳ್ತು. ಅವಳು ಮತ್ತೆ ಬಸುರಾದಳು. ಹೊಟ್ಟೇಲಿರೋವಾಗಲೇ ಪರೀಕ್ಷೆ ಮಾಡಬಹುದು ಅಂದ್ರು ಡಾಕ್ಟರಮ್ಮ. "ಬೇಡ. ಹೇಗಿದ್ರೂ ನನಗೆ ಬೇಕು" ಅಂದಳು. ಆ ವಿಷಯದಲ್ಲಿ ಅವಳ ಜೊತೆ ವಾದ ಮಾಡೋ ಧೈರ್ಯ ನನಗೂ ಬರಲಿಲ್ಲ. ನನಗೇ ಬರಲಿಲ್ಲ ಅಂದ್ರೆ ನೋಡಿ.

ತಮ್ಮ ಮಾತ್ರ ಒಂದು ಹುಚ್ಚು ಹಚ್ಚಿಕೊಂಡ. ಒಲೆ ಆರಿಸಿಬಿಟ್ಟ. ಹಂಡೆ ತೊಳೆದು ಬೋರಲು ಹಾಕಿದ. ಕೋಣೇನ ಸೋಪು ನೀರಲ್ಲಿ ಉಜ್ಜಿ, ಗೋಡೆಗೆ ಸುಣ್ಣ ಹೊಡೆದ. ಪರದೆ, ದಿಂಬು, ಹೊದಿಕೆ, ಎಲ್ಲ ಹೊಸದು. ಚಹಾಕ್ಕೂ ಸಕ್ಕರೆ ಇಲ್ಲ. ಅವನೇ ಹೋಗಿ ಒಂದು ಗಾಜಿನ ಅಂಗಡೀಲಿ ಕೆಲಸಕ್ಕೆ ಸೇರ್ಕೊಂಡ, ಗಾಜಿಗೆ ವಾಸನೆ ಇಲ್ಲ ಅಂತ. "ತಲೆಗಿಲೆ ಕೆಟ್ಟಿದೆಯೇನೋ? ಕಟ್ಕೊಂಡ ಕಸುಬಿಗೇ ಬೆಂಕಿ ಇಡ್ತೀಯಾ?" ಅಂತ ನಾನು ಹಾರಾಡಿದೆ.

"ಈ ಸಲ ನನ್ನ ಮೂಗಿಗೆ ಏನೂ ಅಡ್ಡ ಬರಬಾರದು ಅಕ್ಕ" ಅಂದ. ಅಷ್ಟು ಮೆತ್ತಗೆ ಹೇಳಿದ. ನನ್ನ ಸಿಟ್ಟೆಲ್ಲ ಇಳಿದುಹೋಗಿ, ಬಕೆಟ್ಟು ತಗೊಂಡು ನಾನೂ ಗೋಡೆ ಉಜ್ಜೋಕೆ ನಿಂತೆ.

ಎರಡನೇದೂ ಹೆಣ್ಣು. ಹುಟ್ಟಿದ ಕೂಡಲೆ ಡಾಕ್ಟರಮ್ಮ ತಾಯಿ ಹಾಲು ಬೇಡ ಅಂದ್ರು. ಆ ಮೂರು ಮಣಿ ಇಲ್ಲದ ಒಂದು ಪುಡಿ ತರಿಸಿಟ್ಟಿದ್ರು, ಅದನ್ನೇ ಕಲಸಿ ಕುಡಿಸಿದೆವು. ಹೊತ್ತಿಗೆ ಸರಿಯಾಗಿ ಹಿಮ್ಮಡಿ ಚುಚ್ಚಿ ರಕ್ತ ತೆಗೆದು ದೊಡ್ಡ ಪ್ರಯೋಗಶಾಲೆಗೆ ಕಳಿಸಿದ್ರು. ಫಲಿತಾಂಶ ಬರಬೇಕಾದ ದಿನ ಬರಲಿಲ್ಲ. ಅಲ್ಲಿನ ಯಂತ್ರ ನಿಂತುಹೋಗಿದೆಯಂತೆ, ನಾಳೆ ಆಗುತ್ತಂತೆ. ಡಾಕ್ಟರಮ್ಮ ಫೋನಿನಲ್ಲಿ ಯಾರಿಗೋ ಬೈದದ್ದು ಇಡೀ ಆಸ್ಪತ್ರೆಗೆ ಕೇಳಿಸ್ತು. ಆ ಹೆಂಗಸಿನ ಮೇಲೆ ನನಗೆ ಗೌರವ ಬಂದಿದ್ದು ಅವತ್ತೇ.

"ಆ ಪುಡಿ ಒಂದನ್ನೇ ಹೆಚ್ಚು ದಿನ ಕೊಡೋ ಹಾಗಿಲ್ಲ" ಅಂದ್ರು ನಮಗೆ. "ಆ ಮೂರು ಮಣಿ ಹೊರಗಿಂದ ಒಂದಿಷ್ಟೂ ಬರದಿದ್ರೆ ದೇಹ ತನ್ನ ಮಾಂಸಾನೇ ಬಿಚ್ಚಿ ತಗೊಳ್ಳೋಕೆ ಶುರು ಮಾಡುತ್ತೆ. ಕೊಟ್ರೆ ರೋಗ ಇರಬಹುದು ಅನ್ನೋ ಭಯ, ಕೊಡದಿದ್ರೆ ಈ ಭಯ. ನಾಳೆವರೆಗೆ ತಡೆಯೋಣ." ಬಗ್ಗಿ ಮಗುವಿನ ಕಿವಿ ಹತ್ರ ಮೂಸಿದ್ರು. "ನನಗೇನೂ ಸಿಗ್ತಿಲ್ಲ. ಆದ್ರೆ ಈ ಮೂಗಿನ ವಿಷಯದಲ್ಲಿ ನಾನೇ ಒಂದು ಸಲ ಕೆಟ್ಟಿದ್ದೀನಿ."

ಎಲ್ಲರ ಕಣ್ಣೂ ತಮ್ಮನ ಕಡೆ ತಿರುಗಿದ್ವು. ಇದಕ್ಕೇ ತಾನೆ ಅವನು ಅಷ್ಟು ತಿಂಗಳು ಸಕ್ಕರೆ ಮುಟ್ಟದೇ ಇದ್ದದ್ದು? ಅವನು ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿದ. ಮಗು ಹುಟ್ಟಿದಾಗಿಂದ ಅವನು ಅದನ್ನ ಎತ್ತಿಕೊಂಡೇ ಇರಲಿಲ್ಲ. ನಾನು ಅವನ ರಟ್ಟೆ ಹಿಡಿದು ಹೊರಗೆ ಎಳ್ಕೊಂಡು ಬಂದೆ.

"ಏನೋ ಇದು? ಊರೆಲ್ಲ ಉಜ್ಜಿಸಿ ಈಗ ಹೆಡೆ ಮುದುರ್ತೀಯಾ?"

"ನನಗೆ ಗೊತ್ತಾಗದಿದ್ರೆ ಅಕ್ಕ?" ಅಂದ. "ಪಾಕದ ವಾಸನೆ ನನಗೆ ಗೊತ್ತು. ಹೋದವಳ ಮೈಮೇಲೆ ಅದು ಹೇಗಿತ್ತು ಅನ್ನೋದು ನನಗೆ ನೆನಪಿಲ್ಲ. ಇನ್ನೊಂದು ಸಲ ಇಲ್ಲ ಅಂತ ಹೇಳಿ, ಇದ್ದುಬಿಟ್ರೆ?"

ಬಾಗಿಲು ತೆರೆದೇ ಇತ್ತು. ಒಳಗಿಂದ ಅವನ ಹೆಂಡತಿ, "ಅಕ್ಕ, ಮನೆಗೆ ಹೋಗಿ ಡಬ್ಬಿ ತಗೊಂಡು ಬನ್ನಿ" ಅಂದಳು.

ನಾನು ಒಳಗೆ ಓಡಿದೆ. ಹತ್ರ ಹೋಗಿ, "ತೆಗೆದ್ರೆ ಹೋಗುತ್ತಲ್ಲೇ. ಆಮೇಲೆ ನಿನಗೇನು ಉಳಿಯುತ್ತೆ?" ಅಂದೆ.

"ಹೋಗ್ಲಿ ಅಕ್ಕ. ತಂಗಿಗೆ ಕೊಡೋಕೆ ಅವಳ ಹತ್ರ ಇರೋದು ಅದೊಂದೇ" ಅಂದಳು.

ನಾನು ಬೀದೀಲಿ ಡಬ್ಬೀನ ಎದೆಗೆ ಅವಚಿಕೊಂಡು ನಡೆದೆ. ಎದುರಿಗೆ ಸಿಕ್ಕ ಹಳೇ ಗಿರಾಕಿ ಒಬ್ಬ, "ಏನಕ್ಕ, ಮತ್ತೆ ಮಿಠಾಯಿ ಶುರುವಾಯ್ತಾ?" ಅಂತ ಹಲ್ಲು ಕಿರಿದ. ಬೇರೆ ದಿನವಾಗಿದ್ರೆ ಅವನ ಜನ್ಮ ಜಾಲಾಡಿಬಿಡ್ತಿದ್ದೆ. ಅವತ್ತು ತಿರುಗಿ ನೋಡದೆ ನಡೆದೆ.

ಆಸ್ಪತ್ರೆ ಕೋಣೇಲಿ ಅವಳು ಕಿಟಕಿ ಮುಚ್ಚಿಸಿದಳು, ಫ್ಯಾನು ನಿಲ್ಲಿಸಿದಳು. ನಾನು ಉಗುರಲ್ಲಿ ಟೇಪು ಬಿಚ್ಚಿದೆ. ಟೇಪಿನ ಅಂಟು ಒಣಗಿ ಪುಡಿಯಾಗಿತ್ತು. "ರೀ, ನೀವು ಮಾತ್ರ ಮೂಸಿ" ಅಂತ ಗಂಡನಿಗೆ ಹೇಳಿದಳು. "ನಾನು ಉಸಿರು ಹಿಡ್ಕೋತೀನಿ. ನಾನು ತಗೊಂಡ್ರೆ ನಿಮಗೆ ಕಮ್ಮಿ ಆಗುತ್ತೆ." ಹೇಳಿ, ಮುಖ ಆಚೆ ತಿರುಗಿಸಿ, ಮೂಗು ಬಾಯಿ ಎರಡೂ ಅಂಗೈಯಲ್ಲಿ ಒತ್ತಿಕೊಂಡಳು. ಎರಡು ವರ್ಷದಿಂದ ಕಾಪಾಡಿಕೊಂಡು ಬಂದದ್ದು, ಕೊನೇ ಸಲ ತೆಗೆಯೋವಾಗಲೂ ತನಗೆ ಬೇಡ ಅಂದಳು ಪುಣ್ಯಾತ್ಗಿತ್ತಿ.

ತಮ್ಮ ಮುಚ್ಚಳ ತೆಗೆದು ಮೂಗಿಟ್ಟ. ನಾನು ಅವನ ಪಕ್ಕದಲ್ಲೇ ಬಗ್ಗಿ ನಿಂತಿದ್ದೆ. ನನ್ನನ್ನ ಯಾರೂ ಉಸಿರು ಹಿಡಿ ಅಂದಿರಲಿಲ್ಲ. ಅವನಷ್ಟು ಮೂಗು ನನಗಿಲ್ಲ, ಆದ್ರೂ ಅದೇ ಮನೇಲಿ ಬೆಳೆದೋಳು. ತಗಡಿನ ವಾಸನೆ ಬಂತು. ಹಳೇ ನೂಲಿನ ವಾಸನೆ ಬಂತು. ಬೇರೆ ಏನೂ ಇರಲಿಲ್ಲ. ಖಾಲಿ.

"ಇದೆ" ಅಂದ ತಮ್ಮ. "ಹಾಗೇ ಇದೆ. ಚೆನ್ನಾಗಿ ಇಟ್ಟಿದ್ದೀಯ ಕಣೇ."

ಮುಚ್ಚಳ ಒತ್ತಿ ಮುಚ್ಚಿದ. ಆಮೇಲೆ ಅವಳು ಉಸಿರು ಬಿಟ್ಟಳು. ಇವನಿಗೆ ಮೂಗೇ ಹೋಯ್ತಾ, ಇಲ್ಲ ಸುಳ್ಳು ಹೇಳ್ತಿದ್ದಾನಾ? ಎರಡರಲ್ಲಿ ಯಾವುದಾದ್ರೂ ಇನ್ನು ಇವನು ಮಗುವಿನ ಬಗ್ಗೆ ಹೇಳೋ ಮಾತಿಗೆ ಏನು ಬೆಲೆ? ಬಾಯಿ ತೆಗೆದೆ, ಅವಳ ಮುಖ ನೋಡಿ ಮುಚ್ಚಿಕೊಂಡೆ. ನನ್ನ ಜನ್ಮದಲ್ಲಿ ಬಾಯಿಗೆ ಬೀಗ ಹಾಕ್ಕೊಂಡದ್ದು ಅದೊಂದೇ ಸಲ ಇರಬೇಕು.

ತಮ್ಮ ಹೋಗಿ ಮಗುವಿನ ಪಕ್ಕ ಮಂಡಿಯೂರಿದ. ಕಿವಿ ಹತ್ರ ಮೂಗಿಟ್ಟ. ಕುತ್ತಿಗೆ ಸಂದಿ ಮೂಸಿದ, ನೆತ್ತಿ ಮೂಸಿದ, ಒದ್ದೆ ಬಟ್ಟೆ ಬಿಚ್ಚಿ ಮೂಸಿದ, ಮತ್ತೆ ಕಿವಿಗೆ ಬಂದ. ಅಮ್ಮ ಮೂಲೇಲಿ ಕೂತು ಕೈ ಹಿಸುಕಿಕೊಳ್ತಿದ್ದಳು.

"ಇಲ್ಲ" ಅಂದ.

"ಏನಿಲ್ಲ? ಸರಿಯಾಗಿ ಹೇಳೋ!" ಅಂದೆ.

"ಅವಳ ವಾಸನೆ ಇಲ್ಲ ಅಕ್ಕ. ಬರೀ ಮಗು ವಾಸನೆ. ಎಲ್ಲ ಮಕ್ಕಳದೂ ಬರುತ್ತಲ್ಲ, ಅದೇ." ಅಷ್ಟು ಹೇಳಿದವನು, "ಇಲ್ಲ, ಎಲ್ಲೂ ಇಲ್ಲ, ಅವಳು ಇಲ್ಲ" ಅಂತ ಹಾಸಿಗೆ ಅಂಚಿಗೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತ. ಮಣ್ಣು ಮುಚ್ಚುವಾಗ ಅಳದವನು ಅವತ್ತು ಅತ್ತ. ಹೆಂಡತಿ ಅವನ ತಲೆ ಮೇಲೆ ಕೈಯಿಟ್ಟು ತಾನೂ ಅತ್ತಳು. ಹೆದರಿ ಮಗುವೂ ಅಳೋಕೆ ಶುರು ಮಾಡ್ತು. ಗಟ್ಟಿ ದನಿ, ಕೋಣೆ ಹಾರಿಹೋಗೋ ಹಾಗೆ.

ಡಾಕ್ಟರಮ್ಮ ಅವನ ಮಾತು ಕೇಳಿ ತಲೆದೂಗಿದ್ರು, ಆದ್ರೆ ಹಾಲಿಗೆ ಒಪ್ಪಲಿಲ್ಲ. ನಾಳೆವರೆಗೆ ಅಂದ್ರು. ನನಗೂ ಅದೇ ಬೇಕಾಗಿತ್ತು. ಆ ರಾತ್ರಿ ಹೇಗೆ ಕಳೆದೆ ಅಂತ ಹೇಳೋಕೆ ಹೋಗಲ್ಲ. ಮಾರನೇ ದಿನ ಮಧ್ಯಾಹ್ನ ಅವರು ಆಸ್ಪತ್ರೆ ಪಡಸಾಲೆಯುದ್ದಕ್ಕೂ ಚಪ್ಪಲಿ ಸದ್ದು ಮಾಡ್ತಾ ಓಡಿಬಂದ್ರು, ಕನ್ನಡಕ ಹಣೆ ಮೇಲೆ. "ಏನೂ ಇಲ್ಲ! ಮಗು ಚೆನ್ನಾಗಿದೆ! ಹಾಲು ಕೊಡಮ್ಮ, ಕೊಡು!" ಅಂದ್ರು. ತಮ್ಮನ ಹೆಂಡತಿ ಎದೆಗೆ ಹಚ್ಚಿಕೊಂಡಳು, ಆದ್ರೆ ಮಗು ಮೊದಲ ಗುಟುಕು ನುಂಗೋವರೆಗೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

ಮನೆಗೆ ಬಂದ ಒಂದು ವಾರಕ್ಕೆ ತಮ್ಮ ಹಂಡೆ ಮೇಲೆತ್ತಿ ಒಲೆ ಹಚ್ಚಿದ. ನಾನು ನನ್ನ ಮೇಜಿಗೆ ಬಂದು ಕೂತೆ. ಕೋಣೇಲಿ ನಾವಿಬ್ಬರೇ. ಇನ್ನು ತಡೆಯೋಕಾಗಲಿಲ್ಲ.

"ಲೋ, ಆ ಡಬ್ಬೀಲಿ ಏನಿತ್ತು?"

ಅವನು ಸಕ್ಕರೆ ಸುರೀತಾನೇ ಇದ್ದ. "ಏನಿರಬೇಕಿತ್ತು? ತಗಡು."

"ಮತ್ತೆ ಇದೆ ಅಂದೆ? ಎಂಥ ಧೈರ್ಯ ಕಣೋ ನಿನಗೆ! ಮಗೂದು ಯಾವುದರ ಜೊತೆ ಹೋಲಿಸಿ ನೋಡಿದೆ?"

"ನೆನಪಿತ್ತಲ್ಲ" ಅಂದ. ಸೌಟು ಹಂಡೆ ಅಂಚಿಗೆ ತಟ್ಟಿದ. "ಮರೆತಿದ್ರೆ ತಾನೆ ಅಕ್ಕ ಡಬ್ಬಿ ಬೇಕಾಗೋದು. ಒಂದು ದಿನವೂ ಮರೆತಿಲ್ಲ."

"ಮತ್ತೆ ಮರೆತಿದೀನಿ ಅಂತ ಗೋಡೆ ಹಿಡ್ಕೊಂಡು ಯಾಕೆ ನಿಂತೆ?"

ಅವನು ಹಂಡೇಲಿ ಸೌಟು ಆಡಿಸಿದ. "ವಾಸನೆ ಬಂದುಬಿಟ್ರೆ ಅನ್ನೋ ಭಯ. ಬರದೇ ಹೋದ್ರೆ ಅನ್ನೋದೂ ಭಯವಾಗಿತ್ತು ಅಕ್ಕ. ಮಗು ಚೆನ್ನಾಗಿರಲಿ ಅಂತ ಬೇಡ್ಕೊಳ್ತಿದ್ದೆ, ಇನ್ನೊಂದೇ ಒಂದು ಸಲ ಅವಳ ವಾಸನೆ ಸಿಗಲಿ ಅಂತಾನೂ ಅನ್ನಿಸ್ತಿತ್ತು. ಎಂಥ ಅಪ್ಪ ನಾನು."

ನಾನು ಬೈಯೋಕೆ ಅಂತ ಎದ್ದೆ. ಹೋಗಿ ಅವನ ಬೆನ್ನು ಸವರಿದೆ.

ಆ ಹೊತ್ತಿಗೆ ಅವನ ಹೆಂಡತಿ ಮೆಟ್ಟಿಲಿಳಿದು ಬಂದಳು. ಹೆಗಲ ಮೇಲೆ ಮಗು, ಕೈಯಲ್ಲಿ ಡಬ್ಬಿ. ಹಂಡೆಯಿಂದ ಪಾಕದ ವಾಸನೆ ಏಳೋಕೆ ಶುರುವಾಗಿತ್ತು. ಅವಳು ಡಬ್ಬೀನ ನನ್ನ ಮೇಜಿನ ಮೇಲಿಟ್ಟಳು. "ಅಕ್ಕ, ಹಳೇ ಟೇಪು ಬಿಟ್ಟುಹೋಗಿದೆ. ಹೊಸದು ಸುತ್ತಿಕೊಡಿ, ಬಿಗಿಯಾಗಿ. ಅವತ್ತು ಅವರು ತೆಗೆದಿದ್ದು ಹೋಗಲಿ, ಇರೋಷ್ಟಾದ್ರೂ ಉಳೀಲಿ" ಅಂದಳು.

ತಮ್ಮ ಹಂಡೆಗೆ ಬೆನ್ನು ತಿರುಗಿಸಿ ನನ್ನನ್ನೇ ನೋಡ್ತಾ ನಿಂತಿದ್ದ. ಪಾಕ ಇಳಿಸೋ ಹೊತ್ತು ಆಗಿತ್ತು, ನನ್ನ ಮೂಗಿಗೇ ಗೊತ್ತಾಗ್ತಿತ್ತು. ಅವನು ಅಲ್ಲಾಡಲಿಲ್ಲ. ನಾನು ಟೇಪಿನ ಉರುಳೆ ತೆಗೆದೆ. ಸುತ್ತೋದು ನನ್ನ ಕಸುಬು. ಒಂದು ಎಳೆ ಗಾಳಿಯೂ ಹೋಗದ ಹಾಗೆ ಸುತ್ತಿ ಅವಳ ಕೈಗೆ ಕೊಟ್ಟೆ.